ರಾತ್ರಿ ನಿಲ್ಲುವ ಡ್ರೈಯರ್ ದಾಖಲೆ: ಮಲಗಿದ ಕೋರ್ ಏಳದಿದ್ದಾಗ ದೋಷ ಹುಡುಕುವ ಕೈಪಿಡಿ

ದೋಷ ಕಾಣುವ ರೀತಿ

ಗಂಗಾವತಿ–ಕಾರಟಗಿ ಕಡೆಯ ಒಂದು ಅಕ್ಕಿ ಗಿರಣಿ. ಭತ್ತ ಒಣಗಿಸುವ ಡ್ರೈಯರ್ ಪಕ್ಕದ ಕಬ್ಬಿಣದ ಪೆಟ್ಟಿಗೆಯೊಳಗೆ ನಾಲ್ಕು ಕೋರ್‌ಗಳ (ಪ್ರೊಸೆಸರ್‌ನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕಗಳ) 64 ಬಿಟ್ ಆರ್ಮ್ ಬೋರ್ಡ್, ಅದರ ಮೇಲೆ ಲಿನಕ್ಸ್. ಆರ್‌ಎಸ್-485 ತಂತಿಯ ಮೂಲಕ ಎರಡು ಸೆಕೆಂಡಿಗೊಮ್ಮೆ ಬಿಸಿಗಾಳಿಯ ಮತ್ತು ಕಾಳಿನ ಉಷ್ಣಾಂಶ ಓದಿ ಬರೆದಿಡಬೇಕು, ಮಿತಿ ಮೀರಿದರೆ ಸೈರನ್ ಕೂಗಿಸಬೇಕು. ಅದರ ಕೆಲಸ ಇಷ್ಟೇ. ಹಗಲಿನ ದಾಖಲೆ ಸರಿಯಾಗಿದೆ. ರಾತ್ರಿಯ ದಾಖಲೆಯಲ್ಲಿ ಮಾತ್ರ ಅಲ್ಲಲ್ಲಿ ಖಾಲಿ: ಒಮ್ಮೆ ಹತ್ತು ಸೆಕೆಂಡು, ಇನ್ನೊಮ್ಮೆ ಒಂದೆರಡು ನಿಮಿಷ. ರಾತ್ರಿ ಪಾಳಿಯ ಆಪರೇಟರ್ ಹೇಳುವುದು ಹೀಗೆ: "ಸರ, ರೀಡಿಂಗ್ ಅಲ್ಲೇ ನಿಂತಿರ್ತೈತ್ರಿ. ಮೌಸ್ ಅಲ್ಲಾಡ್ಸಿದ್ರ ಸಾಕು, ಮತ್ತ ಚಾಲೂ ಆಗ್ತೈತ್ರಿ."

ಈ ಮಾತಿನ ಎರಡನೆಯ ಅರ್ಧವೇ ಮುಖ್ಯ. ಮೌಸ್ ಮುಟ್ಟಿದರೆ ಏಳುತ್ತದೆ ಎಂದರೆ ಬೋರ್ಡ್ ಸತ್ತಿಲ್ಲ, ಪ್ರೋಗ್ರಾಂ ಕೂಡ ಕೆಟ್ಟಿಲ್ಲ. ಹೊರಗಿನಿಂದ ಒಂದು ಇಂಟರಪ್ಟ್ (ಕೆಲಸ ಬಂದಿದೆ ಎಂದು ಪ್ರೊಸೆಸರ್ ಅನ್ನು ತಟ್ಟುವ ಸಂಕೇತ) ಬರುವವರೆಗೂ ಪ್ರೊಸೆಸರ್ ಏಳುತ್ತಿಲ್ಲ. ಒಳಗಿನಿಂದಲೇ ಎಬ್ಬಿಸಬೇಕಾಗಿದ್ದ ಟೈಮರ್ ಎಬ್ಬಿಸಲಿಲ್ಲ. ಇಂಥ ದೂರು ಬಂದಾಗ ಬಹಳ ಕಡೆ ಸಿಗುವ ಸಲಹೆ "ಸ್ಕ್ರೀನ್ ಆರದಂತೆ ಇಡಿ" ಅಥವಾ "ಆಫೀಸಿನ ಕಂಪ್ಯೂಟರ್‌ನಿಂದ ಸೆಕೆಂಡಿಗೊಂದು ಪಿಂಗ್ ಕಳಿಸುತ್ತಿರಿ" ಎಂಬುದು. ಎರಡರಿಂದಲೂ ಖಾಲಿ ಕಾಣದಂತಾಗುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ. ನೆಟ್‌ವರ್ಕ್ ಕೇಬಲ್ ಸಡಿಲವಾದ ರಾತ್ರಿ ಸೈರನ್ ಕೂಗುವುದಿಲ್ಲ. ಕಾಳು ಹೆಚ್ಚು ಕಾದರೆ ಸೀಳು ಬಿಟ್ಟು ಮಿಲ್ಲಿನಲ್ಲಿ ನುಚ್ಚು ಹೆಚ್ಚುತ್ತದೆ. ಹೊಟ್ಟು ಉರಿಸುವ ಒಲೆಯ ಪಕ್ಕದಲ್ಲಿ ಉಷ್ಣಾಂಶದ ಎಚ್ಚರಿಕೆ ತಪ್ಪಿದರೆ ಅಪಾಯ ನುಚ್ಚಿಗೆ ನಿಲ್ಲುವುದಿಲ್ಲ. ಆದ್ದರಿಂದ ಇಂಥ ಸಲಹೆಯನ್ನು ಪರಿಹಾರವೆಂದು ಒಪ್ಪಬೇಡಿ.

ಮೊದಲು ಮೂರು ಗಡಿಯಾರಗಳನ್ನು ಬರೆಸಿ

ಖಾಲಿ ಬೀಳಲು ಬೇರೆ ಕಾರಣಗಳೂ ಇವೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ಕಡೆ ಕೈ ಹಾಕುವ ಮುನ್ನ ಅವುಗಳನ್ನು ಬದಿಗೆ ಸರಿಸಬೇಕು. ಅದಕ್ಕೆ ಅತ್ಯಂತ ಅಗ್ಗದ ಉಪಾಯ ದಾಖಲೆ ಬರೆಯುವ ಪ್ರೋಗ್ರಾಮಿನಲ್ಲೇ ಇದೆ. ಪ್ರತಿ ರೀಡಿಂಗ್ ಜೊತೆ ಲಿನಕ್ಸ್‌ನ ಮೂರು ಗಡಿಯಾರಗಳನ್ನು ಓದಿ ಬರೆಸಿ: ರಿಯಲ್‌ಟೈಮ್, ಮೊನೊಟಾನಿಕ್, ಬೂಟ್‌ಟೈಮ್. ಮೊದಲನೆಯದು ದಿನಾಂಕ–ಗಂಟೆ ತೋರಿಸುತ್ತದೆ, ಅದನ್ನು ಯಾರಾದರೂ ಹಿಂದೆ ಮುಂದೆ ಸರಿಸಬಹುದು. ಎರಡನೆಯದು ಬೂಟ್ ಆದಾಗಿನಿಂದ ಮುಂದಕ್ಕೆ ಮಾತ್ರ ಓಡುತ್ತದೆ, ಇಡೀ ಯಂತ್ರ ಸಸ್ಪೆಂಡ್ ಆದ (ಪೂರ್ತಿ ಮಲಗಿದ) ಹೊತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರನೆಯದು ಆ ಹೊತ್ತನ್ನೂ ಸೇರಿಸಿಕೊಳ್ಳುತ್ತದೆ.

ಈಗ ಖಾಲಿ ಬಿದ್ದ ಜಾಗದ ಆಚೆ ಈಚೆಯ ಎರಡು ಸಾಲುಗಳನ್ನು ಹೋಲಿಸಿ. ರಿಯಲ್‌ಟೈಮ್ ಒಂದೇ ಹಾರಿ, ಉಳಿದೆರಡು ಎರಡೇ ಸೆಕೆಂಡು ಸರಿದಿದ್ದರೆ ನಿಜಕ್ಕೂ ಖಾಲಿ ಬಿದ್ದೇ ಇಲ್ಲ. ನೆಟ್‌ವರ್ಕ್‌ನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಗಡಿಯಾರವನ್ನು ತಿದ್ದಿದೆ, ಅಷ್ಟೇ. ಆರ್‌ಟಿಸಿಗೆ (ಕರೆಂಟ್ ಇಲ್ಲದಾಗಲೂ ಸಮಯ ಕಾಯುವ ಚಿಪ್ಪಿಗೆ) ಬ್ಯಾಟರಿ ಇಲ್ಲದ ಬೋರ್ಡುಗಳಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಇದು ಸಾಮಾನ್ಯ. ಮೊನೊಟಾನಿಕ್ ಮತ್ತು ಬೂಟ್‌ಟೈಮ್ ಎರಡೂ ಸೊನ್ನೆಯ ಹತ್ತಿರದಿಂದ ಮತ್ತೆ ಶುರುವಾಗಿದ್ದರೆ ಬೋರ್ಡ್ ರೀಬೂಟ್ ಆಗಿದೆ. ಆಗ ಯುಪಿಎಸ್, ಅಡಾಪ್ಟರ್, ಹಾರ್ಡ್‌ವೇರ್ ವಾಚ್‌ಡಾಗ್ (ಬೋರ್ಡ್ ಸಿಕ್ಕಿಕೊಂಡರೆ ತಾನೇ ರೀಬೂಟ್ ಮಾಡುವ ಏರ್ಪಾಡು) ಈ ಮೂರನ್ನು ನೋಡಿ. ಬೂಟ್‌ಟೈಮ್‌ನಿಂದ ಮೊನೊಟಾನಿಕ್ ಕಳೆದರೆ ಬರುವ ವ್ಯತ್ಯಾಸ ಖಾಲಿಯ ನಂತರ ಹೆಚ್ಚಿದ್ದರೆ ಇಡೀ ಯಂತ್ರವೇ ಸಸ್ಪೆಂಡ್‌ಗೆ ಹೋಗಿತ್ತು; ಅದು ಡೆಸ್ಕ್‌ಟಾಪ್ ಸೆಟ್ಟಿಂಗಿನ ಸಮಸ್ಯೆ, ಅಲ್ಲಿ ಸರಿಪಡಿಸಿ.

ಮೊನೊಟಾನಿಕ್, ಬೂಟ್‌ಟೈಮ್ ಎರಡೂ ಸಮನಾಗಿ ನಲವತ್ತು ಸೆಕೆಂಡು ಮುಂದೆ ಹೋಗಿದ್ದರೆ ಗಮನವಿಟ್ಟು ನೋಡಿ. ಸಮಯ ಎಣಿಸುವ ಕೌಂಟರ್ ನಿಲ್ಲದೆ ಓಡಿದೆ, ಪ್ರೋಗ್ರಾಂ ಮಾತ್ರ ಎದ್ದಿಲ್ಲ. ಈ ಕೈಪಿಡಿಯ ಮುಖ್ಯ ವಿಷಯ ಇದೇ. ಆದರೂ ಒಂದು ಅನುಮಾನ ಉಳಿಯುತ್ತದೆ: ಪ್ರೋಗ್ರಾಂ ನಿದ್ರೆಯಲ್ಲೇ (ಎರಡು ಓದುಗಳ ನಡುವೆ ಕಾಯುವ ಎರಡು ಸೆಕೆಂಡಿನಲ್ಲೇ) ಸಿಕ್ಕಿಕೊಂಡಿತ್ತೋ, ಸೀರಿಯಲ್ ಪೋರ್ಟಿನ ಉತ್ತರಕ್ಕೋ ಎಸ್‌ಡಿ ಕಾರ್ಡಿನ ಬರಹಕ್ಕೋ ಕಾಯುತ್ತಿತ್ತೋ? ಅಗ್ಗದ ಎಸ್‌ಡಿ ಕಾರ್ಡುಗಳು ಒಮ್ಮೊಮ್ಮೆ ಕೆಲವು ಸೆಕೆಂಡು ಕೈಕಟ್ಟಿ ಕೂರುವುದುಂಟು. ಆದ್ದರಿಂದ ನಿದ್ರೆಯ ಮುಂಚೆ ಮತ್ತು ನಂತರ, ಮಾಡ್‌ಬಸ್ ಓದಿನ (ಆ ತಂತಿಯಲ್ಲಿ ರೀಡಿಂಗ್ ಕೇಳಿ ಪಡೆಯುವುದರ) ಮುಂಚೆ ಮತ್ತು ನಂತರ, ಕಡತಕ್ಕೆ ಬರೆಯುವ ಮುಂಚೆ ಮತ್ತು ನಂತರ ಮೊನೊಟಾನಿಕ್ ಸಮಯ ತೆಗೆದುಕೊಳ್ಳಿ. ಎರಡು ಸೆಕೆಂಡಿನ ನಿದ್ರೆಯೇ ನಲವತ್ತು ಸೆಕೆಂಡಾಗಿದ್ದರೆ ಕಾರ್ಡೂ ತಂತಿಯೂ ನಿರಪರಾಧಿಗಳು.

ಕೊನೆಯದೊಂದು ಸಾಧ್ಯತೆ ಅಪರೂಪದ್ದು. ಮೂರೂ ಗಡಿಯಾರಗಳು ಎರಡೇ ಸೆಕೆಂಡು ಅನ್ನುತ್ತಿವೆ, ಗೋಡೆಯ ಗಡಿಯಾರ ಮಾತ್ರ ನಲವತ್ತು ಅನ್ನುತ್ತಿದೆ. ಹಾಗಿದ್ದರೆ ಕೌಂಟರ್ರೇ ನಿಂತಿತ್ತು. ಅದರ ದಾರಿ ಬೇರೆ, ಪಿಸಿ ಭಾಗದಲ್ಲಿ ಬರುತ್ತದೆ.

ಕೌಂಟರ್ ಬೇರೆ, ಎಬ್ಬಿಸುವ ಟೈಮರ್ ಬೇರೆ

ಲಿನಕ್ಸ್ ಕರ್ನೆಲ್ ಈ ಎರಡನ್ನೂ ಬೇರೆ ಬೇರೆಯಾಗಿ ಹಿಡಿದಿಟ್ಟಿದೆ. ಸಮಯ ಎಷ್ಟಾಯಿತು ಎಂದು ಓದುವುದಕ್ಕೆ ಕ್ಲಾಕ್‌ಸೋರ್ಸ್. ಇಂಥ ಹೊತ್ತಿಗೆ ಇಂಟರಪ್ಟ್ ಕೊಡು ಎಂದು ಕೇಳುವುದಕ್ಕೆ ಕ್ಲಾಕ್ ಈವೆಂಟ್ ಸಾಧನ. 2007ರ 2.6.21 ಆವೃತ್ತಿಯಲ್ಲಿ ಕ್ಲಾಕ್ ಈವೆಂಟ್ ಚೌಕಟ್ಟು ಬಂದಾಗಲೇ, ಕೆಲಸವಿಲ್ಲದ ಕೋರ್‌ಗೆ ನಿಯಮಿತ ಟಿಕ್ (ಗಡಿಯಾರದ ಇಂಟರಪ್ಟ್) ಕೊಡದೆ ಮುಂದಿನ ಟೈಮರ್‌ವರೆಗೂ ಮಲಗಲು ಬಿಡುವ ಪದ್ಧತಿಯೂ ಬಂತು. ಐಡಲ್ ಸ್ಥಿತಿಗಳನ್ನು (ಕೆಲಸವಿಲ್ಲದ ಕೋರ್‌ನ ನಿದ್ರೆಯ ಹಂತಗಳನ್ನು) ಆಯ್ದುಕೊಳ್ಳುವ ಸಿಪಿಯುಐಡಲ್ ಚೌಕಟ್ಟು ಬಂದದ್ದು 2008ರ 2.6.24ರಲ್ಲಿ.

64 ಬಿಟ್ ಆರ್ಮ್ ಚಿಪ್ಪಿನಲ್ಲಿ ಇಡೀ ಚಿಪ್ಪಿಗೆ ಒಂದೇ ಸಿಸ್ಟಂ ಕೌಂಟರ್ ಇರುತ್ತದೆ. ಅದು ಎಂದೂ ವಿದ್ಯುತ್ ಆರದ ಭಾಗದಲ್ಲಿ ಕೂತಿರುತ್ತದೆ. ಆದರೆ "ಕೌಂಟರ್ ಇಷ್ಟಕ್ಕೆ ಬಂದಾಗ ಇಂಟರಪ್ಟ್ ಹಾಕು" ಎನ್ನುವ ಕಂಪೇರೇಟರ್ ಪ್ರತಿ ಕೋರ್‌ಗೂ ಒಂದೊಂದು, ಮತ್ತು ಅದು ಕೋರ್‌ನ ವಿದ್ಯುತ್ತಿನಲ್ಲೇ ಬದುಕುತ್ತದೆ. ಹಗುರ ನಿದ್ರೆಯಲ್ಲಿ, ಅಂದರೆ ಡಬ್ಲ್ಯುಎಫ್‌ಐ (ಇಂಟರಪ್ಟ್‌ಗಾಗಿ ಕಾಯುವ) ಸ್ಥಿತಿಯಲ್ಲಿ, ಕೋರ್‌ಗೆ ವಿದ್ಯುತ್ ಇರುವುದರಿಂದ ಕಂಪೇರೇಟರ್ ಕೆಲಸ ಮಾಡುತ್ತದೆ. ಆಳ ನಿದ್ರೆಯಲ್ಲಿ ಫರ್ಮ್‌ವೇರ್ (ಬೋರ್ಡಿನ ತಳಮಟ್ಟದ ತಂತ್ರಾಂಶ) ಕೋರ್‌ನ ವಿದ್ಯುತ್ತನ್ನೇ ಕಡಿದುಹಾಕುತ್ತದೆ, ಅದರೊಂದಿಗೆ ಕಂಪೇರೇಟರ್‌ನಲ್ಲಿ ಬರೆದಿಟ್ಟ ಹೊತ್ತೂ ಅಳಿಯುತ್ತದೆ.

ಇದಕ್ಕಾಗಿಯೇ ಕರ್ನೆಲ್‌ನಲ್ಲಿ ಟಿಕ್ ಬ್ರಾಡ್‌ಕಾಸ್ಟ್ ಎಂಬ ಏರ್ಪಾಡು ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ರಾತ್ರಿ ಪಾಳಿ ಕಾಯುವವರು ಗದ್ದೆ ಬದುವಿನಲ್ಲಿ ಮಲಗುವ ಮುಂಚೆ ಎಚ್ಚರವಿರುವ ಒಬ್ಬನಿಗೆ "ನನ್ನ ಪಾಳಿ ಬಂದಾಗ ಎಬ್ಬಿಸಪ್ಪಾ" ಎಂದು ಹೇಳಿ ಮಲಗುತ್ತಾರಲ್ಲ, ಹಾಗೆ ಆಳ ನಿದ್ರೆಗೆ ಹೋಗುವ ಕೋರ್ ತನ್ನ ಮುಂದಿನ ಟೈಮರ್‌ನ ಹೊತ್ತನ್ನು ಎಂದೂ ಆರದ ಟೈಮರ್‌ಗೆ ಒಪ್ಪಿಸಿ ಮಲಗುತ್ತದೆ. ಹೊತ್ತು ಬಂದಾಗ ಆ ಟೈಮರ್‌ನ ಇಂಟರಪ್ಟ್ ಬರುತ್ತದೆ, ಅದನ್ನು ಪಡೆದ ಕೋರ್ ಮಲಗಿದವರಿಗೆ ಕೋರ್‌ನಿಂದ ಕೋರ್‌ಗೆ ಹೋಗುವ ಇಂಟರಪ್ಟ್ ಕಳಿಸುತ್ತದೆ. ನಮ್ಮ ದೋಷದಲ್ಲಿ ಆಗಿರುವುದು ಇಷ್ಟು: ಕೋರ್ ಯಾರಿಗೂ ಹೇಳದೆ ಆಳವಾಗಿ ಮಲಗಿದೆ. ಅದು ಹೇಳದಿರಲು ಕಾರಣ, ಈ ನಿದ್ರೆಯಲ್ಲಿ ತನ್ನ ಟೈಮರ್ ನಿಲ್ಲುತ್ತದೆ ಎಂಬುದು ಕರ್ನೆಲ್‌ಗೆ ಗೊತ್ತೇ ಇಲ್ಲ.

ಹಗಲು ಏಕೆ ಕಾಣುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಹಗಲಲ್ಲಿ ಆಫೀಸಿನವರು ರೀಡಿಂಗ್ ನೋಡುತ್ತಿರುತ್ತಾರೆ, ನೆಟ್‌ವರ್ಕ್ ಇಂಟರಪ್ಟ್‌ಗಳು ಬರುತ್ತಲೇ ಇರುತ್ತವೆ, ಕೋರ್‌ಗಳು ಒಂದನ್ನೊಂದು ಎಬ್ಬಿಸುತ್ತಿರುತ್ತವೆ. ಬೇಗ ಏಳಬೇಕಾಗುತ್ತದೆ ಎಂದು ಅಂದಾಜಿಸುವ ಗವರ್ನರ್ (ನಿದ್ರೆಯ ಹಂತ ನಿರ್ಧರಿಸುವ ಕರ್ನೆಲ್ ಭಾಗ) ಆಳ ನಿದ್ರೆಯನ್ನು ಆಯ್ದುಕೊಳ್ಳುವುದೂ ಕಡಿಮೆ. ನಾಲ್ಕೂ ಕೋರ್ ಒಟ್ಟಿಗೆ ಸುಮ್ಮನಾಗುವುದು ರಾತ್ರಿ ಮಾತ್ರ.

ಆಳ ನಿದ್ರೆಯನ್ನು ಮುಚ್ಚಿ ನೋಡಿ

ಮೊದಲ ನಿಜವಾದ ಪರೀಕ್ಷೆ ಇದು. ಕರ್ನೆಲ್ ತನ್ನ ಸ್ಥಿತಿಯನ್ನು ಕಡತಗಳಂತೆ ತೋರಿಸುವ ಸಿಸ್ (/sys) ಕಡತ ವ್ಯವಸ್ಥೆಯಲ್ಲಿ ಡಿವೈಸಸ್, ಸಿಸ್ಟಂ, ಸಿಪಿಯು ಎಂಬ ಹಾದಿಯಲ್ಲಿ ಇಳಿದರೆ ಪ್ರತಿ ಕೋರ್‌ನ ಹೆಸರಿನಡಿ ಸಿಪಿಯುಐಡಲ್ ಡೈರೆಕ್ಟರಿ, ಅದರೊಳಗೆ ಸ್ಟೇಟ್0, ಸ್ಟೇಟ್1 ಹೀಗೆ ಒಂದೊಂದು ಐಡಲ್ ಸ್ಥಿತಿ. ಪ್ರತಿಯೊಂದರಲ್ಲೂ ನೇಮ್, ಲೇಟೆನ್ಸಿ, ರೆಸಿಡೆನ್ಸಿ, ಯೂಸೇಜ್, ಟೈಮ್, ಡಿಸೇಬಲ್ ಎಂಬ ಕಡತಗಳಿವೆ. ಲೇಟೆನ್ಸಿ, ರೆಸಿಡೆನ್ಸಿ, ಟೈಮ್ ಮೂರೂ ಮೈಕ್ರೊಸೆಕೆಂಡಿನಲ್ಲಿ. ಆರ್ಮ್ ಬೋರ್ಡಿನಲ್ಲಿ ಸ್ಟೇಟ್0 ಡಬ್ಲ್ಯುಎಫ್‌ಐ. ಅದಕ್ಕಿಂತ ಮೇಲಿನ ಸಂಖ್ಯೆಯವು ಆಳದವು.

ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ನಾಲ್ಕೂ ಕೋರ್‌ಗಳ ಸ್ಟೇಟ್1 ಮತ್ತು ಅದರ ಮೇಲಿನವುಗಳ ಡಿಸೇಬಲ್ ಕಡತಕ್ಕೆ 1 ಬರೆದು ಒಂದು ರಾತ್ರಿ ಬಿಡಿ. ಪಿಂಗ್ ಬೇಡ, ಸ್ಕ್ರೀನ್ ಆರಿರಲಿ. ಖಾಲಿ ಬೀಳುವುದು ನಿಂತರೆ ದಾರಿ ಸರಿ ಇದೆ. ಆಮೇಲೆ ಒಂದೊಂದೇ ಸ್ಥಿತಿಯನ್ನು ಮತ್ತೆ 0 ಮಾಡುತ್ತ ಯಾವುದು ಬಂದಾಗ ದೋಷ ಮರಳುತ್ತದೆ ಎಂದು ಗುರುತಿಸಿ. ಎಲ್ಲ ಮುಚ್ಚಿದರೂ ಖಾಲಿ ಬೀಳುತ್ತಿದ್ದರೆ ಈ ಕೈಪಿಡಿಯ ಉಳಿದ ಭಾಗ ನಿಮಗೆ ಬೇಡ. ಯುಎಸ್‌ಬಿ ಕನ್ವರ್ಟರ್‌ನ ಆಟೊಸಸ್ಪೆಂಡ್, ಕಾರ್ಡು, ಪ್ರೋಗ್ರಾಮಿನ ಲಾಕ್‌ಗಳ ಕಡೆ ಹೋಗಿ.

ಟೈಮ್ ಕಡತದ ಬಗ್ಗೆ ಒಂದು ಮಾತು. ಕೋರ್ ನಿದ್ರೆಯಿಂದ ಎದ್ದ ಮೇಲಷ್ಟೇ ಅದರ ಲೆಕ್ಕ ಏರುತ್ತದೆ. ಹಾಗಾಗಿ ಸಿಕ್ಕಿಕೊಂಡಿದ್ದ ಕೋರ್‌ನಲ್ಲಿ ಯೂಸೇಜ್ (ಎಷ್ಟು ಸಲ ಮಲಗಿತು ಎಂಬ ಎಣಿಕೆ) ಒಂದೇ ಹೆಚ್ಚಿ, ಟೈಮ್ (ಒಟ್ಟು ಮಲಗಿದ ಹೊತ್ತು) ಒಮ್ಮೆಲೇ ಕೋಟಿಗಟ್ಟಲೆ ಮೈಕ್ರೊಸೆಕೆಂಡು ಹಾರುವುದನ್ನು ಕಾಣುತ್ತೀರಿ. ಇದು ಸುಳಿವು ಮಾತ್ರ. ಕೆಲಸವೇ ಇಲ್ಲದ ಕೋರ್ ಹಲವು ಸೆಕೆಂಡು ಮಲಗುವುದು ತಪ್ಪಲ್ಲ. ಹೊತ್ತು ಮೀರಿದ ಟೈಮರ್ ಸರದಿಯಲ್ಲಿದ್ದೂ ಮಲಗಿದ್ದರೆ ಅದು ತಪ್ಪು. ಅದನ್ನು ಸಾಬೀತು ಮಾಡಬೇಕು.

ಸಾಕ್ಷಿ ಹಿಡಿಯುವುದು

ಇಲ್ಲಿ ತೊಡಕು ಹೆಚ್ಚು. ನೀವು ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋದ ಕೂಡಲೇ ನೆಟ್‌ವರ್ಕ್ ಇಂಟರಪ್ಟ್ ಒಂದು ಕೋರ್ ಅನ್ನು ಎಬ್ಬಿಸುತ್ತದೆ. ಕೀಲಿಮಣೆ ಒತ್ತಿದರೂ ಅದೇ ಕಥೆ. ನೋಡಲು ಹೋದವರ ಕೈತಾಗಿಯೇ ರೋಗ ವಾಸಿಯಾಗಿಬಿಡುತ್ತದೆ. ಜೆಟ್ಯಾಗ್ ಪ್ರೋಬ್ (ಚಿಪ್ಪಿನೊಳಗೆ ಇಣುಕುವ ಉಪಕರಣ) ಜೋಡಿಸಿದರೆ ಕೋರ್‌ನ ವಿದ್ಯುತ್ ಪೂರ್ತಿ ಕಡಿಯದೇ ಇರಬಹುದು, ಆಗಲೂ ದೋಷ ಮಾಯ. ಆದ್ದರಿಂದ ಕಾವಲುಗಾರನನ್ನು ಬೋರ್ಡಿನೊಳಗೇ, ಆಳ ನಿದ್ರೆಗೆ ಹೋಗದ ಕೋರ್ ಮೇಲೆ ಕೂರಿಸಬೇಕು.

ಸಿಪಿಯು0ರಲ್ಲಿ ಮಾತ್ರ ಆಳ ಸ್ಥಿತಿಗಳನ್ನು ಮುಚ್ಚಿ, ಉಳಿದ ಮೂರರಲ್ಲಿ ತೆರೆದಿಡಿ. ಪ್ರಾಕ್ (/proc, ಕರ್ನೆಲ್‌ನ ಇನ್ನೊಂದು ಅಂಥ ಕಡತ ವ್ಯವಸ್ಥೆ), ಸಿಸ್, ಕರ್ನೆಲ್ ಹಾದಿಯ ಟೈಮರ್ ಮೈಗ್ರೇಶನ್ ಕಡತಕ್ಕೆ 0 ಬರೆಯಿರಿ. ಈ ಹೆಜ್ಜೆ ಬಿಡಬೇಡಿ: ಅದು 1 ಇದ್ದಾಗ ಖಾಲಿ ಕೂತ ಕೋರ್‌ನ ಟೈಮರ್ ಅನ್ನು ಎಚ್ಚರವಿರುವ ಬೇರೆ ಕೋರ್ ಮೇಲೆ ಇಡಲು ಕರ್ನೆಲ್‌ಗೆ ಅವಕಾಶವಿದೆ, ಕಾವಲುಗಾರನ ಟೈಮರ್ರೇ ಆಳವಾಗಿ ಮಲಗುವ ಕೋರ್‌ಗೆ ಹೋದರೆ ಕಾವಲುಗಾರನೂ ಮಲಗುತ್ತಾನೆ. ನಂತರ ಟಾಸ್ಕ್‌ಸೆಟ್ ಬಳಸಿ ದಾಖಲೆಯ ಪ್ರೋಗ್ರಾಂ ಅನ್ನು ಸಿಪಿಯು2ಕ್ಕೆ ಕಟ್ಟಿ, ಕಾವಲು ಸ್ಕ್ರಿಪ್ಟ್ ಅನ್ನು ಸಿಪಿಯು0ಗೆ ಕಟ್ಟಿ. ಕಾವಲುಗಾರ ಸೆಕೆಂಡಿಗೊಮ್ಮೆ ಎದ್ದು ದಾಖಲೆಯ ಕೊನೆಯ ಸಾಲಿನ ಹೊತ್ತನ್ನು ನೋಡಬೇಕು. ಐದು ಸೆಕೆಂಡಿಗಿಂತ ಹಳೆಯದಾಗಿದ್ದರೆ ಪ್ರಾಕ್ ಅಡಿಯ ಟೈಮರ್ ಲಿಸ್ಟ್ ಕಡತವನ್ನು ಪೂರ್ತಿ ನಕಲು ಮಾಡಿಡಬೇಕು. ಆ ಕಡತ ಓದಲು ರೂಟ್ ಅಧಿಕಾರ ಬೇಕು.

ಬೆಳಿಗ್ಗೆ ಆ ನಕಲನ್ನು ತೆರೆದು ಸಿಪಿಯು2ರ ಭಾಗಕ್ಕೆ ಹೋಗಿ. ಚಾಲ್ತಿಯಲ್ಲಿರುವ ಪ್ರತಿ ಟೈಮರ್‌ನ ಮುಂದೆ ಅದು ಮುಗಿಯುವ ಹೊತ್ತು, ಚೌಕ ಆವರಣದಲ್ಲಿ ಇನ್ನೆಷ್ಟು ನ್ಯಾನೊಸೆಕೆಂಡು ಬಾಕಿ ಎಂಬ ಅಂಕಿ ಇರುತ್ತದೆ. ಪ್ರೋಗ್ರಾಮಿನ ನಿದ್ರೆಯ ಟೈಮರ್ ಅಲ್ಲಿ ಎಚ್ಆರ್‌ಟೈಮರ್ ವೇಕಪ್ ಎಂಬ ಹೆಸರಲ್ಲಿ ಕಾಣುತ್ತದೆ. ಆ ಬಾಕಿ ಅಂಕಿಯ ಮುಂದೆ ಮೈನಸ್ ಚಿಹ್ನೆ ಇದ್ದು ಅದು ಸೆಕೆಂಡುಗಟ್ಟಲೆ ಇದ್ದರೆ ಸಾಕ್ಷಿ ಸಿಕ್ಕಿತು: ಹೊತ್ತು ಮೀರಿದೆ, ಆದರೂ ಕೋರ್ ಎದ್ದಿಲ್ಲ. ಕೆಲವೇ ಮೈಕ್ರೊಸೆಕೆಂಡಿನ ಮೈನಸ್ ಲೆಕ್ಕಕ್ಕಿಲ್ಲ, ಓದುವ ಗಳಿಗೆಯಲ್ಲಿ ಹಾಗೆ ಕಾಣಬಹುದು.

ಅದೇ ಕಡತದ ಕೊನೆಯಲ್ಲಿ ಬ್ರಾಡ್‌ಕಾಸ್ಟ್ ಸಾಧನದ ಹೆಸರು, ಅದರ ಕೆಳಗೆ ಟಿಕ್ ಬ್ರಾಡ್‌ಕಾಸ್ಟ್ ಒನ್‌ಶಾಟ್ ಮಾಸ್ಕ್ ಎಂಬ ಸಾಲು ಇರುತ್ತದೆ. ಯಾವ ಕೋರ್ ತನ್ನನ್ನು ಎಬ್ಬಿಸುವ ಹೊಣೆ ಒಪ್ಪಿಸಿ ಮಲಗಿದೆ ಎಂಬುದು ಈ ಮಾಸ್ಕ್‌ನ ಬಿಟ್‌ಗಳಲ್ಲಿ ಗೊತ್ತಾಗುತ್ತದೆ. ಸಿಪಿಯು2 ಆಳ ನಿದ್ರೆಯಲ್ಲಿರುವಾಗ ಅದರ ಬಿಟ್ 0 ಆಗಿದ್ದರೆ ಕೋರ್ ಯಾರಿಗೂ ಹೇಳದೆ ಮಲಗಿದೆ ಎಂದು ಖಚಿತ. ಬಿಟ್ 1 ಇದ್ದೂ ಎದ್ದಿಲ್ಲವಾದರೆ ಹೊಣೆ ಹೊತ್ತ ಟೈಮರ್‌ನಲ್ಲೋ ಅದರ ಇಂಟರಪ್ಟ್‌ನಲ್ಲೋ ತೊಂದರೆ. ಎರಡಕ್ಕೂ ಮದ್ದು ಬೇರೆ ಬೇರೆಯಾದ್ದರಿಂದ ಈ ಒಂದು ಸಾಲನ್ನು ತಪ್ಪದೆ ನೋಡಿ.

ಕರ್ನೆಲ್ ಸಂದೇಶಗಳ ಡಿಮೆಸೇಜ್ ಲಾಗನ್ನೂ ಓದಿ. ಖಾಲಿ ದೀರ್ಘವಾಗಿದ್ದರೆ ಆರ್‌ಸಿಯು ಸ್ಟಾಲ್ ಎಚ್ಚರಿಕೆ (ಕರ್ನೆಲ್‌ನ ಒಳಗೆಲಸ ಸಾಗದೆ ನಿಂತಿದೆ ಎಂಬ ಸೂಚನೆ) ಬಂದಿರಬಹುದು. ಅದರ ಮೂಲ ಮಿತಿ 21 ಸೆಕೆಂಡು. ಈಚಿನ ಕರ್ನೆಲ್‌ಗಳಲ್ಲಿ ಆ ಎಚ್ಚರಿಕೆಯ ಜೊತೆಗೆ, ಟೈಮರ್ ಎಬ್ಬಿಸಲಿಲ್ಲ, ಇಂಥ ಕೋರ್‌ನ ಟೈಮರ್ ನಿರ್ವಹಣೆಯಲ್ಲಿ ತೊಂದರೆ ಇರಬಹುದು ಎಂಬರ್ಥದ ಸಾಲು ಕೋರ್ ಸಂಖ್ಯೆಯೊಂದಿಗೆ ಬರುತ್ತದೆ. ಆ ಸಾಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಆದರೆ ಇಡೀ ಬೋರ್ಡ್ ಮಲಗಿದ್ದಾಗ ಎಚ್ಚರಿಕೆ ಬರೆಯಲು ಯಾರೂ ಎದ್ದಿರುವುದಿಲ್ಲ, ಹಾಗಾಗಿ ಸಾಲು ಇಲ್ಲದಿದ್ದರೆ ದೋಷವಿಲ್ಲ ಎಂದುಕೊಳ್ಳಬೇಡಿ.

ಇನ್ನೂ ಖಚಿತ ಬೇಕೆಂದರೆ ಎಫ್‌ಟ್ರೇಸ್, ಅಂದರೆ ಕರ್ನೆಲ್‌ನ ಘಟನೆಗಳನ್ನು ಹೊತ್ತಿನ ಸಮೇತ ಬರೆದಿಡುವ ಸೌಲಭ್ಯ. ಟ್ರೇಸ್ ಗಡಿಯಾರವನ್ನು ಮೊನೊ ಮಾಡಿ, ಆಗಲೇ ಪ್ರೋಗ್ರಾಮಿನ ಮೊನೊಟಾನಿಕ್ ಸಾಲುಗಳೊಂದಿಗೆ ತಾಳೆ ಹಾಕಲು ಬರುತ್ತದೆ. ಪವರ್ ಗುಂಪಿನ ಸಿಪಿಯು ಐಡಲ್, ಟೈಮರ್ ಗುಂಪಿನ ಎಚ್ಆರ್‌ಟೈಮರ್ ಸ್ಟಾರ್ಟ್ ಮತ್ತು ಎಕ್ಸ್‌ಪೈರ್ ಎಂಟ್ರಿ, ಐಆರ್‌ಕ್ಯು ಗುಂಪಿನ ಹ್ಯಾಂಡ್ಲರ್ ಎಂಟ್ರಿ, ಇಷ್ಟು ಘಟನೆಗಳು ಸಾಕು. ರಾತ್ರಿಯಿಡೀ ಓಡಿದರೆ ಬಫರ್ ತುಂಬಿ ಹಳೆಯದು ಅಳಿಯುತ್ತದೆ. ಆದ್ದರಿಂದ ಖಾಲಿ ಗಮನಿಸಿದ ಕೂಡಲೇ ಟ್ರೇಸಿಂಗ್ ಆನ್ ಕಡತಕ್ಕೆ 0 ಬರೆಯುವ ಸಾಲನ್ನು ದಾಖಲೆ ಪ್ರೋಗ್ರಾಮಿನಲ್ಲೇ ಸೇರಿಸಿ. ಓದುವಾಗ ಸಿಪಿಯು ಐಡಲ್ ಘಟನೆಯಲ್ಲಿ 4294967295 ಎಂಬ ದೊಡ್ಡ ಸಂಖ್ಯೆ ಕಂಡು ಗಾಬರಿಯಾಗಬೇಡಿ. ಅದು ಮೈನಸ್ ಒಂದರ 32 ಬಿಟ್ ರೂಪ, ಕೋರ್ ನಿದ್ರೆಯಿಂದ ಹೊರಬಂದಿತು ಎಂಬ ಗುರುತು. ದೋಷವಿರುವ ಟ್ರೇಸ್‌ನಲ್ಲಿ ಟೈಮರ್ ಶುರು, ಆಳ ಸ್ಥಿತಿಗೆ ಪ್ರವೇಶ, ಟೈಮರ್‌ನ ಹೊತ್ತು ದಾಟಿ ಎಷ್ಟೋ ಸೆಕೆಂಡು ಮೌನ, ಕೊನೆಗೆ ಮೌಸ್‌ದೋ ನೆಟ್‌ವರ್ಕ್‌ದೋ ಇಂಟರಪ್ಟ್, ಅದರ ಹಿಂದೆಯೇ ಟೈಮರ್ ಮುಗಿದ ಘಟನೆ, ಈ ಕ್ರಮ ಸ್ಪಷ್ಟವಾಗಿ ಕಾಣುತ್ತದೆ.

ಡಿವೈಸ್ ಟ್ರೀಯ ಎರಡು ಸಾಲು

ಡಿವೈಸ್ ಟ್ರೀ ಎಂದರೆ ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನೆಲ್‌ಗೆ ಹೇಳುವ ವಿವರಣೆಯ ಕಡತ, ಅದರ ಒಂದೊಂದು ವಿಭಾಗ ಒಂದು ನೋಡ್. ಮೂಲ ಕಾರಣ ಹೆಚ್ಚಾಗಿ ಸಿಗುವುದು ಇಲ್ಲೇ. ಆಳ ನಿದ್ರೆಗೆ ಹೋಗುವಾಗ ಕರ್ನೆಲ್ ಎರಡು ವಿಷಯ ನೋಡುತ್ತದೆ. ಈ ಐಡಲ್ ಸ್ಥಿತಿಯಲ್ಲಿ ಕೋರ್‌ನ ಟೈಮರ್ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಡಿವೈಸ್ ಟ್ರೀಯಲ್ಲಿ ಆ ಐಡಲ್ ಸ್ಥಿತಿಯ ನೋಡ್‌ನಲ್ಲಿರುವ ಲೋಕಲ್-ಟೈಮರ್-ಸ್ಟಾಪ್ ಎಂಬ ಗುಣ. ಈ ಟೈಮರ್ ನಿಲ್ಲುವ ಸ್ವಭಾವದ್ದೇ? ಇದಕ್ಕೆ ಉತ್ತರ ಟೈಮರ್ ನೋಡ್‌ನ ಆಲ್‌ವೇಸ್-ಆನ್ ಎಂಬ ಗುಣ. ಅದು ಇದ್ದರೆ ಟೈಮರ್ ಎಂದೂ ನಿಲ್ಲುವುದಿಲ್ಲ ಎಂದು ಡ್ರೈವರ್ ನಂಬುತ್ತದೆ, ಇಲ್ಲದಿದ್ದರೆ ಸಿ3ಸ್ಟಾಪ್ ಎಂಬ ಗುರುತು ಹಾಕುತ್ತದೆ. ಲೋಕಲ್-ಟೈಮರ್-ಸ್ಟಾಪ್ ಬಿಟ್ಟುಹೋಗಿದ್ದರೆ ಬ್ರಾಡ್‌ಕಾಸ್ಟ್ ಕಡೆ ಕರ್ನೆಲ್ ಹೋಗುವುದೇ ಇಲ್ಲ. ಅದು ಇದ್ದು, ಆಲ್‌ವೇಸ್-ಆನ್ ತಪ್ಪಾಗಿ ಸೇರಿದ್ದರೆ ಕರ್ನೆಲ್ ಬಾಗಿಲವರೆಗೆ ಹೋಗಿ "ಈ ಟೈಮರ್ ನಿಲ್ಲುವುದಿಲ್ಲವಂತೆ" ಎಂದು ವಾಪಸ್ ಬರುತ್ತದೆ. ಎರಡರಲ್ಲಿ ಯಾವುದು ತಪ್ಪಿದರೂ ಫಲ ಒಂದೇ.

ಓಡುತ್ತಿರುವ ಬೋರ್ಡಿನಲ್ಲೇ ಇದನ್ನು ನೋಡಬಹುದು. ಪ್ರಾಕ್ ಅಡಿಯಲ್ಲಿ ಡಿವೈಸ್-ಟ್ರೀ ಡೈರೆಕ್ಟರಿ ಇದೆ. ಸಿಪಿಯುಸ್, ಐಡಲ್-ಸ್ಟೇಟ್ಸ್ ಎಂದು ಇಳಿದರೆ ಪ್ರತಿ ಗುಣ ಒಂದೊಂದು ಕಡತವಾಗಿ ಕಾಣುತ್ತದೆ. ಲೋಕಲ್-ಟೈಮರ್-ಸ್ಟಾಪ್‌ಗೆ ಬೆಲೆ ಇರುವುದಿಲ್ಲ, ಖಾಲಿ ಕಡತ. ಇದೆಯೋ ಇಲ್ಲವೋ ಎಂಬುದೇ ಉತ್ತರ. ಅಲ್ಲಿಯೇ ಪಿಎಸ್‌ಸಿಐ (ಕೋರ್ ಮಲಗಿಸಲು ಕರ್ನೆಲ್ ಫರ್ಮ್‌ವೇರ್ ಅನ್ನು ಕೇಳುವ ಪದ್ಧತಿ) ಸಸ್ಪೆಂಡ್ ಪ್ಯಾರಾಮೀಟರ್, ಒಳಹೋಗುವ ಮತ್ತು ಹೊರಬರುವ ವಿಳಂಬ, ಕನಿಷ್ಠ ವಾಸದ ಅವಧಿ ಇವೂ ಇರುತ್ತವೆ. ಆ ಪ್ಯಾರಾಮೀಟರ್‌ನ ಒಂದು ಬಿಟ್ ಇದು ಬರೀ ಸ್ಟ್ಯಾಂಡ್‌ಬೈಯೋ ವಿದ್ಯುತ್ ಕಡಿತವೋ ಎಂದು ಫರ್ಮ್‌ವೇರ್‌ಗೆ ಹೇಳುತ್ತದೆ: ಹಳೆಯ ಮಾದರಿಯಲ್ಲಿ 16ನೇ ಬಿಟ್, ವಿಸ್ತೃತ ಮಾದರಿಯಲ್ಲಿ 30ನೇ ಬಿಟ್. ವಿದ್ಯುತ್ ಕಡಿತ ಎಂದಿದ್ದೂ ಲೋಕಲ್-ಟೈಮರ್-ಸ್ಟಾಪ್ ಇಲ್ಲದ ನೋಡ್ ಕಂಡರೆ ಮೊದಲ ಅನುಮಾನ ಅದರ ಮೇಲಿರಲಿ.

ಬೋರ್ಡ್ ತಯಾರಕರ ಡಿವೈಸ್ ಟ್ರೀ ಇನ್ನೊಂದು ಬೋರ್ಡಿನಿಂದ ನಕಲಾಗಿ ಬಂದಿರಬಹುದು. ಮೂಲ ಬೋರ್ಡಿನ ಫರ್ಮ್‌ವೇರ್ ಆಳ ಸ್ಥಿತಿಯಲ್ಲೂ ನಿಜವಾಗಿ ವಿದ್ಯುತ್ ಕಡಿಯದಿದ್ದರೆ ಅಲ್ಲಿ ಈ ತಪ್ಪು ಎಂದೂ ಕಾಣಿಸಿಕೊಳ್ಳುವುದಿಲ್ಲ. ಫರ್ಮ್‌ವೇರ್ ನವೀಕರಿಸಿದ ಮೇಲೆ ದೋಷ ಶುರುವಾಯಿತು ಎಂಬ ದೂರಿಗೂ ಹೀಗೆಯೇ ಅರ್ಥ ಮಾಡಿಕೊಳ್ಳಬೇಕು. ಹೊಸ ಫರ್ಮ್‌ವೇರ್ ತನ್ನ ಕೆಲಸ ಸರಿಯಾಗಿ ಮಾಡತೊಡಗಿದೆ, ಹಳೆಯ ತಪ್ಪು ಹೊರಬಿದ್ದಿದೆ.

ಬ್ರಾಡ್‌ಕಾಸ್ಟ್‌ಗೆ ಬೇರೆ ಟೈಮರ್ರೇ ಇಲ್ಲದ ಚಿಪ್ ಆದರೆ? 64 ಬಿಟ್ ಆರ್ಮ್ ಕರ್ನೆಲ್ ಅದಕ್ಕೂ ದಾರಿ ಇಟ್ಟಿದೆ. ಟೈಮರ್ ಲಿಸ್ಟ್‌ನಲ್ಲಿ ಬ್ರಾಡ್‌ಕಾಸ್ಟ್ ಸಾಧನದ ಹೆಸರು ಬಿ.ಸಿ. ಎಚ್ಆರ್‌ಟೈಮರ್ (bc_hrtimer) ಎಂದಿದ್ದರೆ ಒಂದು ಕೋರ್ ತಾನು ಆಳಕ್ಕೆ ಇಳಿಯದೆ ಉಳಿದವರ ಹೊಣೆ ಹೊರುತ್ತದೆ. ವಿದ್ಯುತ್ ಉಳಿತಾಯ ಸ್ವಲ್ಪ ಕಡಿಮೆ, ಆದರೆ ಟೈಮರ್ ತಪ್ಪುವುದಿಲ್ಲ. ಯಾವ ಸಾಧನವೂ ಇಲ್ಲದಿದ್ದರೆ ಕರ್ನೆಲ್ ಆ ಆಳ ಸ್ಥಿತಿಯನ್ನೇ ಬಿಟ್ಟು ಟೈಮರ್ ನಿಲ್ಲದ ಹಗುರ ಸ್ಥಿತಿಯನ್ನು ಆರಿಸುತ್ತದೆ. ಕರ್ನೆಲ್‌ಗೆ ನಿಜ ಹೇಳಿದರೆ ಸಾಕು, ಉಳಿದುದನ್ನು ಅದು ನೋಡಿಕೊಳ್ಳುತ್ತದೆ.

ತಿದ್ದುಪಡಿ, ಅಲ್ಲಿಯವರೆಗೆ ತಾತ್ಕಾಲಿಕ ವ್ಯವಸ್ಥೆ

ಡಿವೈಸ್ ಟ್ರೀ ಮೂಲದಲ್ಲಿ ವಿದ್ಯುತ್ ಕಡಿಯುವ ಪ್ರತಿ ಐಡಲ್ ಸ್ಥಿತಿಗೂ ಲೋಕಲ್-ಟೈಮರ್-ಸ್ಟಾಪ್ ಸೇರಿಸಿ, ಟೈಮರ್ ನೋಡ್‌ನ ಆಲ್‌ವೇಸ್-ಆನ್ ತೆಗೆಯಿರಿ, ಮತ್ತೆ ಕಂಪೈಲ್ ಮಾಡಿ ಬೂಟ್ ಮಾಡಿ. ಹಳೆಯ ಡಿಟಿಬಿ ಕಡತವನ್ನು (ಕಂಪೈಲ್ ಆದ ಡಿವೈಸ್ ಟ್ರೀಯನ್ನು) ಬೇರೆ ಹೆಸರಲ್ಲಿ ಬೂಟ್ ಮೆನುವಿನಲ್ಲಿ ಉಳಿಸಿಕೊಳ್ಳಿ.

ಮೂಲ ಸಿಗದಿದ್ದರೆ ಅಥವಾ ತಯಾರಕರ ತಿದ್ದುಪಡಿ ಬರುವುದು ತಡವಾದರೆ, ಬೂಟ್ ಆದ ಕೂಡಲೇ ಆಳ ಸ್ಥಿತಿಗಳ ಡಿಸೇಬಲ್ ಕಡತಕ್ಕೆ 1 ಬರೆಯುವ ಸಿಸ್ಟಂಡಿ ಸೇವೆ ಹಾಕಿ. ಡೆವ್ ಅಡಿಯ ಸಿಪಿಯು ಡಿಎಂಎ ಲೇಟೆನ್ಸಿ ಕಡತವನ್ನು ತೆರೆದು 32 ಬಿಟ್‌ನ ಸಣ್ಣ ಸಂಖ್ಯೆ (ಏಳಲು ಇಷ್ಟಕ್ಕಿಂತ ತಡ ಸಲ್ಲದು ಎಂಬ ಮಿತಿ) ಬರೆದು ತೆರೆದೇ ಹಿಡಿದುಕೊಳ್ಳುವುದು ಇನ್ನೊಂದು ದಾರಿ. ಕಡತ ಮುಚ್ಚಿದರೆ ನಿರ್ಬಂಧವೂ ಹೋಗುತ್ತದೆ, ಆದ್ದರಿಂದ ಅದನ್ನು ದಾಖಲೆ ಪ್ರೋಗ್ರಾಮಿನೊಳಗೇ ಇಡಬೇಕು. ಕರ್ನೆಲ್ ಸಾಲಿನಲ್ಲಿ (ಬೂಟ್ ಆಗುವಾಗ ಕರ್ನೆಲ್‌ಗೆ ಕೊಡುವ ಆಯ್ಕೆಗಳಲ್ಲಿ) ಸಿಪಿಯುಐಡಲ್ ಆಫ್ ಮಾಡುವುದೂ ಆಗುತ್ತದೆ, ಆದರೆ ಅದು ಇಡೀ ಚೌಕಟ್ಟನ್ನೇ ತೆಗೆದುಹಾಕುತ್ತದೆ. ನಾನು ಸಿಸ್ಟಂಡಿ ಸೇವೆಯನ್ನೇ ಮೆಚ್ಚುತ್ತೇನೆ, ಯಾವ ಸ್ಥಿತಿ ಏಕೆ ಮುಚ್ಚಿದೆ ಎಂದು ಅಲ್ಲಿ ಒಂದು ಸಾಲು ಬರೆದಿಡಲು ಬರುತ್ತದೆ.

ಇದನ್ನೇ ಶಾಶ್ವತ ಮಾಡಿಕೊಳ್ಳದಿರಲು ನಮ್ಮ ಕಡೆಯ ಬಿಸಿಲೇ ಕಾರಣ. ಏಪ್ರಿಲ್–ಮೇನಲ್ಲಿ ಕೊಪ್ಪಳ, ರಾಯಚೂರು ಸೀಮೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಬೇಸಿಗೆ ಬೆಳೆಯ ಭತ್ತ ಬರುವುದೂ ಆಗಲೇ. ಡ್ರೈಯರ್ ಪಕ್ಕದ ಮುಚ್ಚಿದ ಪೆಟ್ಟಿಗೆಯಲ್ಲಿ ಫ್ಯಾನ್ ಇಲ್ಲದ ಬೋರ್ಡ್ ಆಳ ನಿದ್ರೆಯೂ ಇಲ್ಲದೆ ಓಡಿದರೆ ಬಿಸಿ ಏರಿ ವೇಗ ಇಳಿಸಿಕೊಳ್ಳುತ್ತದೆ, ಕರೆಂಟ್ ಹೋದಾಗ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ತಾತ್ಕಾಲಿಕ ವ್ಯವಸ್ಥೆ ಹಾಕಿದ ದಿನವೇ ಥರ್ಮಲ್ ಝೋನ್‌ನ ಅಂಕಿಯನ್ನೂ ದಾಖಲೆಗೆ ಸೇರಿಸಿ.

ತೂಕದ ಮನೆಯ ಪಿಸಿಯಲ್ಲಿ ಇದೇ ಕಂಡರೆ

ವೇಬ್ರಿಡ್ಜ್ ಕೋಣೆಯ ಹಳೆಯ ಇಂಟೆಲ್, ಎಎಂಡಿ ಪಿಸಿಗಳಲ್ಲೂ ತತ್ವ ಇದೇ, ಹೆಸರು ಬೇರೆ. ಕೋರ್‌ನ ಟೈಮರ್ ಅಲ್ಲಿ ಲೋಕಲ್ ಎಪಿಐಸಿ ಎಂಬ, ಪ್ರತಿ ಕೋರ್‌ನ ಇಂಟರಪ್ಟ್ ನಿಯಂತ್ರಕದ್ದು. ಹಳೆಯ ಪ್ರೊಸೆಸರ್‌ಗಳಲ್ಲಿ ಸಿ3 ಎಂಬ ನಿದ್ರೆಯ ಹಂತದಲ್ಲಿ ಮತ್ತು ಅದಕ್ಕಿಂತ ಆಳದಲ್ಲಿ ಅದು ನಿಲ್ಲುತ್ತದೆ, ಆಗ ಹೆಚ್‌ಪಿಇಟಿ ಅಥವಾ ಪಿಐಟಿ ಎಂಬ, ಕೋರ್‌ನ ಹೊರಗಿನ ಟೈಮರ್ ಬ್ರಾಡ್‌ಕಾಸ್ಟ್ ಹೊಣೆ ಹೊರುತ್ತದೆ. ಪ್ರಾಕ್ ಅಡಿಯ ಸಿಪಿಯುಇನ್ಫೊ ಕಡತದ ಫ್ಲ್ಯಾಗ್‌ಗಳಲ್ಲಿ ಎಆರ್‌ಎಟಿ ಇದ್ದರೆ ಟೈಮರ್ ನಿಲ್ಲುವುದಿಲ್ಲ, ಬ್ರಾಡ್‌ಕಾಸ್ಟ್ ಬೇಕಿಲ್ಲ. ನಾನ್‌ಸ್ಟಾಪ್ ಟಿಎಸ್‌ಸಿ (ಟಿಎಸ್‌ಸಿ ಎಂದರೆ ಪ್ರೊಸೆಸರ್‌ನೊಳಗಿನ ಸಮಯದ ಕೌಂಟರ್) ಇದ್ದರೆ ಕೌಂಟರ್ರೂ ನಿಲ್ಲುವುದಿಲ್ಲ. ಪರೀಕ್ಷೆಗೆ ಕರ್ನೆಲ್ ಸಾಲಿನಲ್ಲಿ ಇಂಟೆಲ್ ಐಡಲ್‌ನ ಮ್ಯಾಕ್ಸ್ ಸಿಸ್ಟೇಟ್ ಅನ್ನು 1 ಮಾಡಿ. ಎಸಿಪಿಐ ಐಡಲ್ ಡ್ರೈವರ್ ಓಡುತ್ತಿದ್ದರೆ ಪ್ರೊಸೆಸರ್ ಮ್ಯಾಕ್ಸ್ ಸಿಸ್ಟೇಟ್.

ಪಿಸಿಗಳಲ್ಲಿ ಕೌಂಟರ್ ಕಡೆಯ ದೋಷವೂ ಬರುತ್ತದೆ. ಕರ್ನೆಲ್‌ನ ಕ್ಲಾಕ್‌ಸೋರ್ಸ್ ವಾಚ್‌ಡಾಗ್ ಅರ್ಧ ಸೆಕೆಂಡಿಗೊಮ್ಮೆ ಟಿಎಸ್‌ಸಿಯನ್ನು ಇನ್ನೊಂದು ಕೌಂಟರ್‌ನೊಂದಿಗೆ ಹೋಲಿಸಿ, ವ್ಯತ್ಯಾಸ ಹೆಚ್ಚಾದರೆ ಟಿಎಸ್‌ಸಿ ಅಸ್ಥಿರ ಎಂದು ಲಾಗ್‌ನಲ್ಲಿ ಬರೆದು ಕೈಬಿಡುತ್ತದೆ. ಆ ಸಾಲು ಕಂಡ ಮಾತ್ರಕ್ಕೆ ಟಿಎಸ್‌ಸಿಯದೇ ತಪ್ಪು ಎನ್ನಬೇಡಿ. ಇಂಟೆಲ್‌ನ ಕೆಲವು ಕಾಫಿ ಲೇಕ್ ಯಂತ್ರಗಳಲ್ಲಿ ಪ್ಯಾಕೇಜ್ ಪಿಸಿ10 ಎಂಬ ಆಳ ಸ್ಥಿತಿಗೆ ಹೋದಾಗ ಲೆಕ್ಕ ತಪ್ಪುತ್ತಿದ್ದದ್ದು ಹೆಚ್‌ಪಿಇಟಿ. ಅದರ ಸಾಕ್ಷ್ಯ ನಂಬಿ ಸರಿಯಾದ ಟಿಎಸ್‌ಸಿಯನ್ನು ಕೈಬಿಡಲಾಗುತ್ತಿತ್ತು. ಅದಕ್ಕೆ 2019ರಲ್ಲಿ ಆ ಯಂತ್ರಗಳಲ್ಲಿ ಹೆಚ್‌ಪಿಇಟಿಯನ್ನೇ ನಿಷ್ಕ್ರಿಯಗೊಳಿಸುವ ತಿದ್ದುಪಡಿ ಕರ್ನೆಲ್‌ಗೆ ಬಂತು. ಇಂಟೆಲ್‌ನದೇ ಬೇ ಟ್ರೈಲ್ ಪ್ರೊಸೆಸರ್‌ಗಳಿಗೂ ಅಂಥದೇ ತಿದ್ದುಪಡಿ 2014ರಲ್ಲೇ ಬಂದಿತ್ತು. ಇಂಥ ಪಿಸಿಯಲ್ಲಿ ಹಳೆಯ ಕರ್ನೆಲ್ ಓಡುತ್ತಿದ್ದರೆ ಮೊದಲು ಕರ್ನೆಲ್ ನವೀಕರಿಸಿ, ಆಮೇಲೆ ಹುಡುಕಾಟ.

ಸರಿಯಾಯಿತೇ ಎಂದು ನೋಡುವುದು

ಖಾಲಿ ಬೀಳಲಿಲ್ಲ ಎಂಬುದಷ್ಟೇ ಸಾಲದು, ಹೊಸ ದಾರಿಯಲ್ಲಿ ಟೈಮರ್ ನಿಜವಾಗಿ ಬರುತ್ತಿದೆ ಎಂಬುದನ್ನೂ ನೋಡಬೇಕು. ಆರ್ಮ್ ಬೋರ್ಡಿನಲ್ಲಿ ಪ್ರಾಕ್ ಅಡಿಯ ಇಂಟರಪ್ಟ್ಸ್ ಕಡತದ ಕೊನೆಯ ಸಾಲುಗಳಲ್ಲಿ ಟೈಮರ್ ಬ್ರಾಡ್‌ಕಾಸ್ಟ್ ಇಂಟರಪ್ಟ್ಸ್ ಎಂಬ ಎಣಿಕೆ ಇದೆ. ದೋಷವಿದ್ದಾಗ ಅದು ಸೊನ್ನೆಯಲ್ಲೇ ನಿಂತಿರುತ್ತದೆ. ತಿದ್ದಿದ ಮೇಲೆ ಆಳ ಸ್ಥಿತಿಯ ಯೂಸೇಜ್ ಏರುತ್ತಿದ್ದಂತೆ ಇದೂ ಏರಬೇಕು. ಯೂಸೇಜ್ ಏರುತ್ತಿದ್ದು ಈ ಎಣಿಕೆ ಕದಲದಿದ್ದರೆ ಹೊಸ ಡಿಟಿಬಿ ಬೂಟ್ ಆಗಿಲ್ಲ. ಬೂಟ್‌ಲೋಡರ್ ಇನ್ನೂ ಹಳೆಯದನ್ನೇ ಎತ್ತಿಕೊಳ್ಳುತ್ತಿದೆಯೇ ನೋಡಿ.

ಅಂತಿಮ ಪರೀಕ್ಷೆಯನ್ನು ಗಿರಣಿಯ ಅತಿ ನಿಶ್ಶಬ್ದ ಹೊತ್ತಿನಲ್ಲಿ ಮಾಡಿ: ನೆಟ್‌ವರ್ಕ್ ಕೇಬಲ್ ಬಿಚ್ಚಿ, ಮೌಸ್ ಕೀಲಿಮಣೆ ತೆಗೆದು, ಸ್ಕ್ರೀನ್ ಆರಿಸಿ, ಟೈಮರ್ ಮೈಗ್ರೇಶನ್ ಮತ್ತೆ 1 ಮಾಡಿ, ಟಾಸ್ಕ್‌ಸೆಟ್ ಮತ್ತು ಡಿಸೇಬಲ್‌ಗಳನ್ನೆಲ್ಲ ಹಿಂದಿನಂತೆ ಮಾಡಿ ರಾತ್ರಿ ಬಿಡಿ. ಡ್ರೈಯರ್ ಓಡುತ್ತಿರುವ ರಾತ್ರಿಯಾದರೆ ಆಪರೇಟರ್‌ಗೆ ಕೈಯಲ್ಲಿ ಹಿಡಿಯುವ ಥರ್ಮಾಮೀಟರ್ ಕೊಟ್ಟು ಅರ್ಧ ಗಂಟೆಗೊಮ್ಮೆ ನೋಡಲು ಹೇಳಿ. ಬೆಳಿಗ್ಗೆ ನಿದ್ರೆಯ ಮುಂಚಿನ ಮತ್ತು ನಂತರದ ಮೊನೊಟಾನಿಕ್ ವ್ಯತ್ಯಾಸಗಳಲ್ಲಿ ಅತಿ ದೊಡ್ಡದನ್ನು ತೆಗೆಯಿರಿ. ಅದು ಎರಡು ಸೆಕೆಂಡಿನ ಮೇಲೆ ಕೆಲವು ಮಿಲಿಸೆಕೆಂಡಿನೊಳಗೇ ಇರಬೇಕು.

ಬೋರ್ಡ್ ಕೊಟ್ಟವರಿಗೆ ದೂರು ಕಳಿಸುವಾಗ ಖಾಲಿಯ ಹೊತ್ತಿನ ಟೈಮರ್ ಲಿಸ್ಟ್ ನಕಲು, ಐಡಲ್ ಸ್ಥಿತಿಗಳ ನೋಡ್, ಟೈಮರ್ ನೋಡ್, ಕರ್ನೆಲ್ ಮತ್ತು ಫರ್ಮ್‌ವೇರ್ ಆವೃತ್ತಿ, ತಿದ್ದುವ ಮೊದಲಿನ ಮತ್ತು ನಂತರದ ಬ್ರಾಡ್‌ಕಾಸ್ಟ್ ಇಂಟರಪ್ಟ್ ಎಣಿಕೆ ಇಷ್ಟನ್ನು ಸೇರಿಸಿ. ಮೌಸ್ ಅಲ್ಲಾಡಿಸಿದರೆ ಸರಿಹೋಗುತ್ತದೆ ಎಂಬ ಆಪರೇಟರ್‌ನ ಮಾತನ್ನೂ ಅದರಲ್ಲಿ ಬರೆಯಿರಿ. ಬಲ್ಲವರು ಓದಿದರೆ ಆ ಸಾಲಿನಿಂದಲೇ ಐಡಲ್ ನೋಡ್ ತೆರೆದು ನೋಡುತ್ತಾರೆ.